ಬರೆಯುವ ಅಭ್ಯಾಸ, ಬರೆಯಲೊಂದು ಜಾಗ: ಕಥೆ-ಕವಿತೆಗೆ ಕೂರುವವರಿಗೊಂದು ಸಮಗ್ರ ಮಾರ್ಗದರ್ಶಿ

ಬರೆಯಬೇಕೆಂದು ಹೊರಟಾಗ ನಾನು ಮೊದಲು ಮಾಡಿದ ಕೆಲಸ ಮೇಜು ಕೊಂಡದ್ದು. ಅದನ್ನು ಕಿಟಕಿಯ ಪಕ್ಕ ಹಾಕಿಸಿದೆ. ದೀಪ, ಗಟ್ಟಿ ರಟ್ಟಿನ ನೋಟ್‌ಬುಕ್ಕು, ಎರಡು ಪೆನ್ನು ಎಲ್ಲ ಜೋಡಿಸಿದೆ. ಒಂದು ವರ್ಷ ಆ ಮೇಜಿನ ಮೇಲೆ ಬಿಲ್ಲುಗಳು ಕೂತವು, ಇಸ್ತ್ರಿಯಾಗಬೇಕಾದ ಬಟ್ಟೆ ಕೂತಿತು, ಯಾರದೋ ಹೆಲ್ಮೆಟ್ಟು ಕೂತಿತು, ನಾನು ಕೂರಲಿಲ್ಲ. ಕೊನೆಗೂ ನನ್ನ ಮೊದಲ ಪೂರ್ತಿ ಕಥೆ ಹುಟ್ಟಿದ್ದು ಮನೆಯೊಳಗಿನ ಮಹಡಿ ಮೆಟ್ಟಿಲ ಮೇಲೆ, ಮೇಲಿನಿಂದ ಮೂರನೆಯದರಲ್ಲಿ, ಮೊಣಕಾಲನ್ನೇ ಮೇಜು ಮಾಡಿಕೊಂಡು. ಅಲ್ಲಿ ಬೆಳಕು ಕಮ್ಮಿ, ಬೆನ್ನಿಗೆ ಆಸರೆಯಿಲ್ಲ. ಇದ್ದದ್ದು ಒಂದೇ ಅನುಕೂಲ: ಕೆಳಗಿದ್ದವರು ನಾನು ಮೇಲಿದ್ದೇನೆ ಅಂದುಕೊಳ್ಳುತ್ತಿದ್ದರು, ಮೇಲಿದ್ದವರು ಕೆಳಗಿದ್ದೇನೆ ಅಂದುಕೊಳ್ಳುತ್ತಿದ್ದರು.

ಬರೆಯುವ ಜಾಗದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಮೆಟ್ಟಿಲಿನಿಂದ ಬಂದದ್ದು. ಚೆಂದವಾಗಿರುವ, ನಿಶ್ಶಬ್ದವಾಗಿರುವ ಜಾಗವನ್ನು ಹುಡುಕಬೇಡಿ. ನಿಮ್ಮನ್ನು ಯಾರೂ ಇನ್ನೊಂದು ಕೆಲಸಕ್ಕೆ ಕರೆಯದ ಜಾಗವನ್ನು ಹುಡುಕಿ. ಕರೆಯುವವರಲ್ಲಿ ಫೋನೂ ಸೇರಿದೆ, ಸಿಂಕಿನಲ್ಲಿ ಬಿದ್ದಿರುವ ಪಾತ್ರೆಯೂ ಸೇರಿದೆ. ಅಂಥ ಜಾಗ ಸಿಕ್ಕಮೇಲೆ ಅಲ್ಲಿಗೆ ಮತ್ತೆ ಮತ್ತೆ ಮರಳುವುದು ಹೇಗೆ ಎಂಬುದು ಉಳಿದ ಪ್ರಶ್ನೆ. ಒಂದೊಂದಾಗಿ ನೋಡೋಣ.

ಹೆಜ್ಜೆ 1: ಮೊದಲ ವಾರ ಬರೆಯಬೇಡಿ

ಉತ್ಸಾಹ ಬಂದ ದಿನವೇ ‘ನಾಳೆಯಿಂದ ಬೆಳಗ್ಗೆ ಐದಕ್ಕೆ ಏಳುತ್ತೇನೆ’ ಎಂದು ಶಪಥ ಮಾಡುವವರು ಮೂರನೇ ದಿನ ಅಲಾರ್ಮಿನ ಬಾಯಿ ಮುಚ್ಚಿಸಿ ಮಲಗುತ್ತಾರೆ. ಅದರ ಬದಲು ಏಳು ದಿನ ನಿಮ್ಮ ದಿನಚರಿಯನ್ನು ಬೇರೆಯವರ ದಿನಚರಿಯೆಂಬಂತೆ ಗಮನಿಸಿ. ರಾತ್ರಿ ಒಂದು ಚೀಟಿಯಲ್ಲಿ ಎರಡೇ ಸಂಗತಿ ಗುರುತು ಹಾಕಿ. ಇವತ್ತು ಯಾವ ಹೊತ್ತಿನಲ್ಲಿ ನನ್ನನ್ನು ಯಾರೂ ಹುಡುಕಲಿಲ್ಲ? ಆಗ ನನ್ನ ತಲೆಯಲ್ಲಿ ಕಸುವು ಇತ್ತೇ, ಇಲ್ಲವೇ?

ಎರಡನೆಯದನ್ನು ಜನ ಮರೆಯುತ್ತಾರೆ. ಎಲ್ಲರೂ ಮಲಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಬಿಡುವೇನೋ ಇರುತ್ತದೆ. ಆದರೆ ದಿನವಿಡೀ ಲೆಕ್ಕಪತ್ರ ನೋಡಿದ ತಲೆಗೆ ಆಗ ಒಂದು ಉಪಮೆಯೂ ಹೊಳೆಯುವುದಿಲ್ಲ. ಕೆಲವರಿಗೆ ಅದೇ ಹೊತ್ತು ಹಬ್ಬ. ನೀವು ಯಾವ ಪೈಕಿ ಎಂಬುದನ್ನು ಚೀಟಿಗಳೇ ಹೇಳುತ್ತವೆ. ಏಳು ಚೀಟಿಗಳಲ್ಲಿ ನಾಲ್ಕರಲ್ಲಾದರೂ ಕಾಣಿಸಿಕೊಂಡ ಹದಿನೈದು-ಇಪ್ಪತ್ತು ನಿಮಿಷದ ಸಂದು ಸಿಕ್ಕರೆ ಸಾಕು, ಒಂದು ಗಂಟೆ ಬೇಕಿಲ್ಲ.

ಹೆಜ್ಜೆ 2: ಗಡಿಯಾರಕ್ಕೆ ಕಟ್ಟಬೇಡಿ, ಘಟನೆಗೆ ಕಟ್ಟಿ

‘ಏಳೂವರೆಗೆ ಬರೆಯುತ್ತೇನೆ’ ಎಂಬ ನಿರ್ಧಾರ ಏಳು ಮೂವತ್ತೈದಕ್ಕೆ ಸಾಯುತ್ತದೆ. ‘ಮಗುವನ್ನು ಶಾಲೆಗೆ ಬಿಟ್ಟು ಬಂದು ಚಪ್ಪಲಿ ಕಳಚಿದ ತಕ್ಷಣ’ ಎಂಬ ನಿರ್ಧಾರಕ್ಕೆ ತಡವಾಗುವ ಭಯವಿಲ್ಲ. ಚಪ್ಪಲಿ ಯಾವಾಗ ಕಳಚುತ್ತೀರೋ ಆಗಲೇ ಹೊತ್ತು. ಪಾಳಿಯಲ್ಲಿ ದುಡಿಯುವ ನರ್ಸ್, ಡ್ರೈವರ್‌ಗಳಿಗಂತೂ ಇದೊಂದೇ ದಾರಿ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1999ರ ಒಂದು ಪ್ರಬಂಧದಲ್ಲಿ ಇದನ್ನೇ ವಿವರಿಸಿದರು: ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಸಂದರ್ಭವನ್ನೂ ಸೇರಿಸಿ ನಿರ್ಧರಿಸಿದವರು ಬರೀ ‘ಮಾಡುತ್ತೇನೆ’ ಎಂದವರಿಗಿಂತ ಹೆಚ್ಚಾಗಿ ಹೇಳಿದ್ದನ್ನು ಮಾಡಿ ಮುಗಿಸುತ್ತಾರೆ. ಹಾಗಾಗಿ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಒಂದೇ ವಾಕ್ಯ ಬರೆದಿಡಿ. ಅದರಲ್ಲಿ ಘಟನೆಯೂ ಇರಲಿ, ಜಾಗವೂ ಇರಲಿ.

ಅಭ್ಯಾಸಕ್ಕೆ ಎಷ್ಟು ದಿನ ಬೇಕು? 21 ದಿನ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ‘ಕಡಿಮೆಯೆಂದರೂ’ ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಮೂಗು ಬದಲಾದವರ ಮಾತು ಕಥೆ ಬರೆಯುವವರ ಕೊರಳಿಗೆ ಬಿತ್ತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುಮಟ್ಟದ ಅಂಕಿ 66 ದಿನ. ಆದರೆ ಒಬ್ಬೊಬ್ಬರಿಗೆ ಹಿಡಿಯಬಹುದಾದ ಅಂದಾಜು ಲೆಕ್ಕ 18ರಿಂದ 254 ದಿನಗಳವರೆಗೆ ಚದುರಿತ್ತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಇಲ್ಲ ಎಂಬುದೂ ಅಲ್ಲಿ ಕಂಡುಬಂತು. ಈ ಎರಡನೇ ಮಾತು ನನಗೆ ಮೊದಲನೆಯದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಅಲ್ಲಿದ್ದವರು ರೂಢಿಸಿಕೊಳ್ಳಲು ಹೊರಟದ್ದು ನೀರು ಕುಡಿಯುವುದು, ಹಣ್ಣು ತಿನ್ನುವುದು, ಓಡುವುದು ಇಂಥವನ್ನು ಎಂಬುದೂ ನೆನಪಿರಲಿ. ಬರವಣಿಗೆ ಎಂದೂ ನೀರು ಕುಡಿದಷ್ಟು ಸಲೀಸಾಗುವುದಿಲ್ಲ. ಇಪ್ಪತ್ತು ವರ್ಷ ಬರೆದವರಿಗೂ ಎರಡನೇ ವಾಕ್ಯ ಕಷ್ಟವೇ. ರೂಢಿಯಾಗುವುದು ಹೋಗಿ ಕೂತು ನೋಟ್‌ಬುಕ್ಕು ತೆರೆಯುವುದು, ಅಷ್ಟೇ. ಅದರಾಚೆಗಿನದ್ದು ಪ್ರತಿದಿನವೂ ಹೊಸ ಹೋರಾಟ. ‘ಮೂರು ತಿಂಗಳಾಯಿತು, ಇನ್ನೂ ಸುಲಭವಾಗಿಲ್ಲ’ ಎಂದು ಬಿಟ್ಟುಹೋದವರು ತಪ್ಪು ಗುರುತು ನೋಡಿ ಸೋತವರು.

ಹೆಜ್ಜೆ 3: ನಾಚಿಕೆಯಾಗುವಷ್ಟು ಚಿಕ್ಕ ಗುರಿ

ದಿನಕ್ಕೆ ಐದು ವಾಕ್ಯ, ಅಥವಾ ಹತ್ತು ನಿಮಿಷ. ಜ್ವರ ಬಂದ ದಿನವೂ, ನೆಂಟರು ಬಂದ ದಿನವೂ ಮುಗಿಸಬಹುದಾದಷ್ಟೇ ಇರಲಿ. ಹುಮ್ಮಸ್ಸಿದ್ದ ದಿನ ಐದು ಪುಟ ಬರೆಯಿರಿ, ಯಾರೂ ತಡೆಯುವುದಿಲ್ಲ. ಆದರೆ ಮರುದಿನ ಗುರಿ ಮತ್ತೆ ಐದೇ ವಾಕ್ಯ.

ಪದಗಳ ಲೆಕ್ಕ ಇಡುವುದಾದರೆ ಒಂದು ಎಚ್ಚರಿಕೆ. ‘ದಿನಕ್ಕೆ ಸಾವಿರ ಪದ’ ಎಂಬ ಉಪದೇಶ ಇಂಗ್ಲಿಷಿನಿಂದ ಬಂದದ್ದು. ನಮ್ಮ ಕನ್ನಡದಲ್ಲಿ ‘ಹೋಗಬೇಕಾಗಿತ್ತಂತೆ’ ಎಂಬುದು ಒಂದೇ ಪದ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಐದಾರು ಪದಗಳಾದರೂ ಖರ್ಚಾಗುತ್ತವೆ. ಆ ಸಾವಿರವನ್ನು ಹಾಗೇ ಎತ್ತಿ ಇಲ್ಲಿಟ್ಟರೆ ಸೊಂಟ ಮುರಿಯುವುದು ನಿಮ್ಮದು. ವಾಕ್ಯವನ್ನೋ ಪುಟವನ್ನೋ ಎಣಿಸಿ.

ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬೆಳಗಿನ ಐದೂವರೆಗೆ ಕೂತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಹೀಗೆ 47 ಕಾದಂಬರಿಗಳಾದವು. ಅವರು ತೀರಿಕೊಂಡ ಮೇಲೆ, 1883ರಲ್ಲಿ, ಆತ್ಮಕಥೆಯಿಂದ ಈ ಗುಟ್ಟು ಹೊರಬಿದ್ದಾಗ ಓದುಗರಿಗೆ ಬೇಸರವೇ ಆಯಿತಂತೆ, ಸ್ಫೂರ್ತಿಯೆಂದು ನಂಬಿದ್ದು ಗುಮಾಸ್ತಿಕೆಯಾಗಿ ಕಂಡು. ನನಗೆ ಅವರ ವೇಗ ಬೇಡ. ಬೇಕಾದದ್ದು ಜನ ಅಷ್ಟಾಗಿ ಹೇಳದ ಇನ್ನೊಂದು ವಿವರ: ದಿನದ ಮೊದಲ ಅರ್ಧ ಗಂಟೆ ಅವರು ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದರು. ನಿಮ್ಮದು ಹತ್ತು ನಿಮಿಷವಾದರೆ ಎರಡು ನಿಮಿಷ ಓದಿ. ಖಾಲಿ ಹಾಳೆಗೆ ಹೆದರುವ ಬದಲು ನಿನ್ನೆಯ ಕೊನೆಯ ಸಾಲಿನ ಮುಂದೆ ನಿಂತಿರುತ್ತೀರಿ.

ಹೆಜ್ಜೆ 4: ಜಾಗ ಹುಡುಕುವುದು

ಕಾಗದ ತಗೊಂಡು, ನೀವು ದಿನಾ ಹಾದುಹೋಗುವ ಎಲ್ಲ ಜಾಗಗಳನ್ನೂ ಬರೆಯಿರಿ. ಮರ್ಯಾದೆ ನೋಡಬೇಡಿ. ಬಚ್ಚಲು, ತಾರಸಿ, ಪಾರ್ಕಿಂಗಿನಲ್ಲಿ ನಿಂತ ಕಾರು, ಆಫೀಸಿನಲ್ಲಿ ಊಟದ ಹೊತ್ತು ಖಾಲಿಯಾಗುವ ಮೀಟಿಂಗ್ ಕೋಣೆ, ಗ್ರಂಥಾಲಯದ ಹಿಂದಿನ ಸಾಲು, ಬಸ್ಸಿನ ಕೊನೆಯ ಸೀಟು, ಮಕ್ಕಳ ಸಂಗೀತಪಾಠ ಮುಗಿಯುವವರೆಗೆ ಕಾಯುವ ಬೆಂಚು. ಆಮೇಲೆ ಪ್ರತಿಯೊಂದರ ಎದುರು ಕೇಳಿ: ಇಲ್ಲಿ ನನ್ನನ್ನು ಯಾರು ಕರೆಯುತ್ತಾರೆ? ಮನೆಯ ಮೇಜು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಫೇಲು. ಕಾಯುವ ಬೆಂಚು ಅಚ್ಚರಿ ಪಡುವಷ್ಟು ಅಂಕ ತೆಗೆಯುತ್ತದೆ, ಯಾಕೆಂದರೆ ಅಲ್ಲಿ ನೀವು ಈಗಾಗಲೇ ಒಂದು ಕರ್ತವ್ಯ ಮಾಡುತ್ತಿದ್ದೀರಿ. ಯಾರಿಗೂ ಉತ್ತರ ಹೇಳಬೇಕಿಲ್ಲ.

ಅಮೆರಿಕದ ಕಥೆಗಾರ ರೇ ಬ್ರಾಡ್‌ಬರಿ ಮನೆಯಲ್ಲಿ ಕೂತರೆ ಮಕ್ಕಳು ಕಿಟಕಿಗೆ ಬಂದು ಹಾಡುತ್ತ ಗಾಜು ತಟ್ಟುತ್ತಿದ್ದರಂತೆ. ಅಪ್ಪನಿಗೂ ಆಡಲು ಆಸೆ. 1950ರಲ್ಲಿ ಅವರು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯವಾದ ಯುಸಿಎಲ್‌ಎ ಗ್ರಂಥಾಲಯದ ನೆಲಮಾಳಿಗೆಗೆ ಹೋದರು. ಅಲ್ಲಿ ಹತ್ತು ಸೆಂಟಿನ ನಾಣ್ಯ ಹಾಕಿದರೆ ಅರ್ಧ ಗಂಟೆ ಓಡುವ ಟೈಪ್‌ರೈಟರ್‌ಗಳಿದ್ದವು. ಒಂಬತ್ತು ದಿನದಲ್ಲಿ 9 ಡಾಲರ್ 80 ಸೆಂಟಿನ ನಾಣ್ಯ ಹಾಕಿ, ಮುಂದೆ ‘ಫ್ಯಾರನ್‌ಹೀಟ್ 451’ ಎಂಬ ಕಾದಂಬರಿಯಾಗಿ ಬೆಳೆದ ಕಥೆಯ ಮೊದಲ ರೂಪ ಮುಗಿಸಿದರು. ಅಮೆರಿಕದ ಲೇಖಕಿ ಮಾಯಾ ಏಂಜೆಲೋ ಸ್ವಂತ ಮನೆಯಿದ್ದೂ ಊರಿನ ಹೋಟೆಲ್ಲಿನಲ್ಲಿ ತಿಂಗಳ ಬಾಡಿಗೆಗೆ ಕೋಣೆ ಹಿಡಿಯುತ್ತಿದ್ದರು. ಬೆಳಗ್ಗೆ ಹೋಗಿ ಮಧ್ಯಾಹ್ನ ಮನೆಗೆ. ಗೋಡೆಯ ಚಿತ್ರಗಳನ್ನೂ ತೆಗೆಸಿಬಿಡುತ್ತಿದ್ದರು. ಚಿತ್ರವೂ ಒಂದು ಥರ ಕರೆಯುತ್ತದಲ್ಲ.

ಹೋಟೆಲ್ಲು ಹಿಡಿಯಿರಿ ಎನ್ನುತ್ತಿಲ್ಲ. ಬ್ರಾಡ್‌ಬರಿಯಿಂದ ನಾವು ಕದಿಯಬೇಕಾದದ್ದು ನಾಣ್ಯದ ಗಡುವು: ಅರ್ಧ ಗಂಟೆ ಮುಗಿದರೆ ಯಂತ್ರ ನಿಲ್ಲುತ್ತದೆ. ಚಾರ್ಜರ್ ಇಲ್ಲದೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದರೆ ಹೆಚ್ಚುಕಡಿಮೆ ಅದೇ ಆಗುತ್ತದೆ.

ಸದ್ದಿನ ವಿಷಯ. ‘ಗಲಾಟೆಯಲ್ಲಿ ಬರೆಯಲಾಗದು’ ಎನ್ನುವವರು ಒಮ್ಮೆ ಪರೀಕ್ಷಿಸಿ ನೋಡಲಿ. ರವಿ ಮೆಹ್ತಾ, ರುಯಿ ಝು, ಅಮರ್ ಚೀಮಾ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ 50 ಡೆಸಿಬಲ್‌ನ ಮೆಲ್ಲನೆಯ ಸದ್ದಿಗಿಂತ 70 ಡೆಸಿಬಲ್‌ನ ಗುಜುಗುಜು ಇದ್ದಾಗ ಜನರಿಗೆ ಹೆಚ್ಚು ಹೊಸ ಯೋಚನೆಗಳು ಹೊಳೆದವು. 85ಕ್ಕೆ ಏರಿದಾಗ ಕುಸಿದವು. ಕಾಫಿ ಅಂಗಡಿಯ ಸದ್ದು ಸುಮಾರು ಆ ನಡುವಿನದ್ದು. ಅವು ಪುಟ್ಟ ಪುಟ್ಟ ಒಗಟುಗಳ ಪ್ರಯೋಗ, ಕಾದಂಬರಿಯ ಅಧ್ಯಾಯಗಳಲ್ಲ ಎಂಬುದು ನಿಜ. ನನ್ನ ಅನುಭವ ಬೇರೆ: ಸದ್ದಿನ ಪ್ರಮಾಣಕ್ಕಿಂತ ಅದರ ಭಾಷೆ ಮುಖ್ಯ. ನನಗೆ ಅರ್ಥವಾಗದ ಭಾಷೆಯ ಗಲಾಟೆಯಲ್ಲಿ ಸುಖವಾಗಿ ಬರೆಯುತ್ತೇನೆ. ಪಕ್ಕದ ಟೇಬಲ್ಲಿನಲ್ಲಿ ಕನ್ನಡದಲ್ಲಿ ಆಸ್ತಿ ಜಗಳ ಶುರುವಾದರೆ ಕಥೆ ಅಲ್ಲಿಗೇ ನಿಂತಿತು. (ಆ ಜಗಳ ಇನ್ನೊಂದು ಕಥೆಗಾಯಿತು, ಅದು ಬೇರೆ.)

ಪಟ್ಟಿಯಿಂದ ಮೂರು ಜಾಗ ಆರಿಸಿ, ಪ್ರತಿಯೊಂದರಲ್ಲೂ ಮೂರು ಸಲ ಕೂರಿ. ಮೊದಲನೇ ಸಲ ಎಲ್ಲ ಜಾಗವೂ ಚೆನ್ನಾಗಿಯೇ ಇರುತ್ತದೆ, ಹೊಸತಲ್ಲವೇ. ಮೂರನೇ ಸಲ ನಿಜ ತಿಳಿಯುತ್ತದೆ. ಒಂದನ್ನು ಖಾಯಂ ಮಾಡಿ, ಇನ್ನೊಂದನ್ನು ಮಳೆಗಾಲದ ಕೊಡೆಯಂತೆ ಇಟ್ಟುಕೊಳ್ಳಿ. ಖಾಯಂ ಜಾಗದಲ್ಲಿ ಬೇರೆ ಕೆಲಸ ಮಾಡಬೇಡಿ. ಅಲ್ಲಿ ಕೂತು ಬಿಲ್ ಕಟ್ಟಿದಿರೋ, ಮರುದಿನ ಕೂತ ಕೂಡಲೇ ಬಿಲ್ಲೇ ನೆನಪಾಗುತ್ತದೆ.

ಮನೆ ಬಿಟ್ಟು ಹೋಗಲಾಗದವರೂ ಇದ್ದಾರೆ: ಎಳೆ ಮಗುವಿದ್ದವರು, ವಯಸ್ಸಾದವರನ್ನು ನೋಡಿಕೊಳ್ಳುವವರು. ಅವರು ಜಾಗದ ಬದಲು ಗುರುತೊಂದನ್ನು ಮಾಡಿಕೊಳ್ಳಬಹುದು. ಬರೆಯುವಾಗ ಮಾತ್ರ ಹೊದೆಯುವ ಶಾಲು, ಗೋಡೆ ಕಡೆ ತಿರುಗಿಸಿದ ಕುರ್ಚಿ. ಮತ್ತು ಮನೆಯವರಿಗೆ ನಿಖರವಾಗಿ ಹೇಳಿ. ‘ನನಗೆ ಬರೆಯಲು ಸಮಯ ಬೇಕು’ ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ‘ಈ ಕುರ್ಚಿ ಗೋಡೆಗೆ ತಿರುಗಿರುವ ಇಪ್ಪತ್ತು ನಿಮಿಷ, ರಕ್ತ ಬಂದರೆ ಮಾತ್ರ ಕರೆಯಿರಿ’ ಎಂದರೆ ಮಕ್ಕಳಿಗೂ ಅರ್ಥವಾಗುತ್ತದೆ.

ಹೆಜ್ಜೆ 5: ಪೆನ್ನೋ, ಫೋನೋ

ಯಾವುದಾದರೂ ಸರಿ, ಆದರೆ ಒಂದು ಕೃತಿ ಮುಗಿಯುವವರೆಗೆ ಬದಲಿಸಬೇಡಿ. ಕೈಬರಹದಲ್ಲಿ ಅಳಿಸುವುದು ಕಷ್ಟ, ಅದೇ ಅದರ ಗುಣ. ಫೋನು ಯಾವಾಗಲೂ ಜೇಬಿನಲ್ಲಿರುತ್ತದೆ, ಏರೋಪ್ಲೇನ್ ಮೋಡಿಗೆ ಹಾಕದಿದ್ದರೆ ಅದೇ ಅದರ ದೋಷ. ನಡೆಯುತ್ತಾ ಸಂಭಾಷಣೆ ಹೊಳೆದರೆ ಕನ್ನಡ ಧ್ವನಿ ಟೈಪಿಂಗಿಗೆ ಹೇಳಿಬಿಡಿ. ವಿರಾಮಚಿಹ್ನೆಗಳನ್ನು ಆಮೇಲೆ ಹಾಕಿಕೊಂಡರಾಯಿತು, ಸಿಕ್ಕ ಮಾತಿನ ಲಯ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಟೈಪಿಸುವವರು ನುಡಿ, ಬರಹ ಯಾವುದೇ ತಂತ್ರಾಂಶ ಬಳಸಲಿ, ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡಿನಲ್ಲೇ ಉಳಿಸಿ. ಹಳೆಯ ಫಾಂಟುಗಳ ಕಡತಗಳು ಇನ್ನೊಂದು ಯಂತ್ರದಲ್ಲಿ ತೆರೆದರೆ ವಿಚಿತ್ರ ಚಿಹ್ನೆಗಳ ಸಂತೆಯಾಗುತ್ತವೆ. ಎರಡು ಕಡೆ ಪ್ರತಿ ಇರಲಿ.

ಹೆಜ್ಜೆ 6: ಕೂತಾಯಿತು, ಏನು ಬರೆಯುವುದು?

ಮೊದಲು ಒಂದು ರೋಗ ಗುರುತಿಸೋಣ. ನಮ್ಮಲ್ಲಿ ಬಹಳ ಮಂದಿ ಪೆನ್ನು ಹಿಡಿದ ಕೂಡಲೇ ತಮ್ಮದಲ್ಲದ ಕನ್ನಡ ಬರೆಯತೊಡಗುತ್ತಾರೆ. ಬಾಯಲ್ಲಿ ‘ಅವಳು ಮನೆಗೆ ಹೋದ್ಲು’ ಎಂದವರು ಹಾಳೆಯಲ್ಲಿ ‘ಆಕೆಯು ತನ್ನ ನಿವಾಸದತ್ತ ತೆರಳಿದಳು’ ಎಂದು ಬರೆಯುತ್ತಾರೆ. ಆ ವಾಕ್ಯದಲ್ಲಿ ಆಕೆಯೂ ಇಲ್ಲ, ಮನೆಯೂ ಇಲ್ಲ. ‘ನನಗೆ ಬರೆಯಲು ಬರುವುದಿಲ್ಲ’ ಎಂದು ಕೊರಗುವ ಎಷ್ಟೋ ಜನರ ನಿಜವಾದ ತೊಂದರೆ ಇಷ್ಟೇ: ಶಾಲೆಯ ಪ್ರಬಂಧದ ಕನ್ನಡದಲ್ಲಿ ಅವರಿಗೆ ಸುಳ್ಳು ಹೇಳಲೂ ಬರುವುದಿಲ್ಲ, ನಿಜ ಹೇಳಲೂ ಬರುವುದಿಲ್ಲ.

ಮದ್ದು ಸರಳ. ಮೊದಲ ಹದಿನೈದು ದಿನ, ನಿಮ್ಮ ಮನೆಯಲ್ಲಿ ಜಗಳವಾಡುವ ಕನ್ನಡದಲ್ಲೇ ಬರೆಯಿರಿ. ಅದು ಹವ್ಯಕವೋ, ಅರೆಭಾಷೆಯೋ, ಕಲಬುರಗಿಯದೋ, ಮಂಡ್ಯದ್ದೋ, ಅರ್ಧ ಇಂಗ್ಲಿಷ್ ಬೆರೆತದ್ದೋ, ಪರವಾಗಿಲ್ಲ. ಕಥೆ ಮುಂದೆ ಶಿಷ್ಟ ಕನ್ನಡ ಬೇಡಿದರೆ ಆಗ ತಿದ್ದಬಹುದು. ಜೀವವಿಲ್ಲದ ಶಿಷ್ಟ ವಾಕ್ಯಕ್ಕೆ ಆಮೇಲೆ ಜೀವ ತುಂಬುವುದು ಬಲು ಕಷ್ಟ.

ಕೈಕಾಲು ಆಡಿಸಲು ಕೆಲವು ಸಣ್ಣ ಕಸರತ್ತುಗಳು. ಫೋನಿನಲ್ಲಿ ಮಾತಾಡುತ್ತಿರುವವರ ಒಂದು ಬದಿಯ ಮಾತನ್ನಷ್ಟೇ ಬರೆಯಿರಿ. ಆ ಕಡೆಯವರು ಯಾರೆಂದು ಓದುಗರಿಗೆ ತಿಳಿಯುವಂತಿರಬೇಕು. ನಿಮ್ಮ ಮನೆಯಲ್ಲಿ ಕಳೆದುಹೋದ ಒಂದು ವಸ್ತು, ಅದರ ಬಗ್ಗೆ ಸುಳ್ಳು ಹೇಳಿದವರ ಕೈಗಳು. ಒಬ್ಬ ವ್ಯಕ್ತಿಯ ಮುಖ ವರ್ಣಿಸದೆ ಅವರ ಚಪ್ಪಲಿಯಿಂದಲೇ ಅವರನ್ನು ಕಾಣಿಸುವುದು. ಕವಿತೆಯವರಾದರೆ ಒಂದೇ ನೋಟವನ್ನು ‘ಹಾಗೆ’, ‘ಅಂತೆ’, ‘ಥರ’ ಯಾವುದನ್ನೂ ಬಳಸದೆ ಆರು ಸಾಲಿನಲ್ಲಿ. ಇವೆಲ್ಲ ಗರಡಿಯ ಸಾಮು, ಪ್ರಕಟಿಸಲು ಹೊರಡಬೇಡಿ.

ನೋಟ್‌ಬುಕ್ಕಿನ ಹಿಂದಿನಿಂದ ಎರಡು ಪುಟ ಬೀಜಗಳಿಗೆ ಮೀಸಲಿಡಿ. ಕೇಳಿದ ಮಾತು, ಕಂಡ ಬೋರ್ಡು, ವಿಚಿತ್ರ ಹೆಸರು, ನೆನಪಿಗೆ ಬಂದ ವಾಸನೆ. ಒಂದು ಸಾಲು ಸಾಕು. ಬರೆಯಲು ಕೂತಾಗ ವಿಷಯ ಹುಡುಕುವುದು ಅಂದರೆ ಹಸಿದ ಮೇಲೆ ಭತ್ತ ಬಿತ್ತಿದಂತೆ.

ಹೆಜ್ಜೆ 7: ನಡುವಾಕ್ಯದಲ್ಲಿ ಏಳಿ

ಹೊತ್ತು ಮುಗಿದಾಗ, ಮುಂದೇನು ಬರೆಯಬೇಕೆಂದು ಗೊತ್ತಿರುವಾಗಲೇ ನಿಲ್ಲಿಸಿ. ‘ಬಾಗಿಲು ತೆರೆದರೆ ಒಳಗೆ’ ಎಂಬಲ್ಲಿಗೆ ಪೆನ್ನಿಡಿ. ಮೊದಮೊದಲು ಕೈ ಕಡಿಯುತ್ತದೆ. ಆದರೆ ಆ ಅರ್ಧ ವಾಕ್ಯ ದಿನವಿಡೀ ಹಿಂದೆ ಬರುತ್ತದೆ, ಸ್ನಾನದಲ್ಲಿ, ಸಿಗ್ನಲ್ಲಿನಲ್ಲಿ. ಮರುದಿನ ಕೂರುವ ಮೊದಲೇ ಒಳಗೆ ಯಾರಿದ್ದಾರೆಂದು ನಿಮಗೆ ಗೊತ್ತಾಗಿರುತ್ತದೆ. ನಾನು ಈ ಲೇಖನದಲ್ಲಿ ಒಂದೇ ಸಲಹೆ ಕೊಡಬಹುದಾಗಿದ್ದರೆ ಇದನ್ನೇ ಕೊಡುತ್ತಿದ್ದೆ.

ಹೆಜ್ಜೆ 8: ತಪ್ಪಿದ ದಿನಗಳಿಗೆ ಬಡ್ಡಿ ಕಟ್ಟಬೇಡಿ

ನಿನ್ನೆ ತಪ್ಪಿತು, ಹಾಗಾಗಿ ಇವತ್ತು ಹತ್ತು ವಾಕ್ಯ, ನಾಡಿದ್ದಿಗೆ ಇಪ್ಪತ್ತು. ಹೀಗೆ ಬಾಕಿ ಬೆಳೆಸಿದವರು ಸಾಲಗಾರ ತಲೆತಪ್ಪಿಸಿಕೊಳ್ಳುವಂತೆ ನೋಟ್‌ಬುಕ್ಕು ಕಂಡರೆ ದಾರಿ ಬದಲಿಸುತ್ತಾರೆ. ತಪ್ಪಿದ್ದು ಮನ್ನಾ. ಕ್ಯಾಲೆಂಡರಿನಲ್ಲಿ ಕೂತ ದಿನಕ್ಕೊಂದು ಚುಕ್ಕೆ ಇಡಿ, ತಪ್ಪಿದ ದಿನಕ್ಕೆ ಕೆಂಪು ಗೀಟು ಬೇಡ.

ಒಂದು ದಿನವಲ್ಲ, ಇಪ್ಪತ್ತು ದಿನವೇ ತಪ್ಪಿತೆನ್ನಿ. ಕಾಯಿಲೆ, ಸಾವು, ವರ್ಗಾವಣೆ, ಬರೀ ಸೋಮಾರಿತನ. ಮರಳುವ ದಿನ ಹೊಸದೇನೂ ಬರೆಯಬೇಡಿ. ನಿಮ್ಮದೇ ಕೊನೆಯ ಪುಟವನ್ನು ಕೈಯಿಂದ ನಕಲು ಮಾಡಿ. ಐದಾರು ಸಾಲು ಆಗುವಷ್ಟರಲ್ಲಿ ಒಂದು ಪದ ಬದಲಿಸುತ್ತೀರಿ, ಆಮೇಲೆ ಒಂದು ವಾಕ್ಯ. ಅಲ್ಲಿಗೆ ನೀವು ಬರೆಯುತ್ತಿದ್ದೀರಿ.

ಹೆಜ್ಜೆ 9: ತಿದ್ದುವುದು ಬೇರೆ ಕಡೆ

ಹುಟ್ಟಿಸುವ ಕೈಗೂ ಕತ್ತರಿಸುವ ಕೈಗೂ ಒಂದೇ ಕುರ್ಚಿ ಕೊಡಬೇಡಿ. ವಾರಕ್ಕೊಂದು ದಿನ, ಸಾಧ್ಯವಾದರೆ ಬೇರೆ ಜಾಗದಲ್ಲಿ ತಿದ್ದಿ. ಗಟ್ಟಿಯಾಗಿ ಓದಿ, ಉಸಿರು ಸಿಕ್ಕಿಕೊಂಡಲ್ಲಿ ವಾಕ್ಯ ಮುರಿಯಿರಿ, ನಿಮಗೇ ನಾಚಿಕೆಯಾದಲ್ಲಿ ವಿಶೇಷಣ ಕಿತ್ತುಹಾಕಿ. ಮೊದಲ ಪ್ಯಾರಾ ತೆಗೆದು ಓದಿ ನೋಡಿ. ಬಹಳ ಸಲ ಕಥೆ ಎರಡನೆಯದರಿಂದಲೇ ಶುರುವಾಗಿರುತ್ತದೆ.

ಓದಲು ಯಾರಿಗೆ ಕೊಡುವುದು? ಮೊದಲ ಮೂರು ತಿಂಗಳು ಯಾರಿಗೂ ಬೇಡ. ಆಮೇಲೆ ಒಬ್ಬರು, ಹೆಚ್ಚೆಂದರೆ ಮೂರು-ನಾಲ್ಕು ಜನ. ‘ಹೇಗಿದೆ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. ‘ಎಲ್ಲಿ ಬೋರಾಯಿತು? ಯಾರ ಮಾತನ್ನು ನಂಬಲಿಲ್ಲ?’ ಎಂದು ಕೇಳಿ. ಪತ್ರಿಕೆಗೆ ಕಳಿಸುವುದಾದರೆ ಅದರ ಎರಡು-ಮೂರು ಸಂಚಿಕೆ ಓದಿ, ಪದಮಿತಿ ನೋಡಿ, ಒಂದು ಬರಹವನ್ನು ಒಮ್ಮೆಗೆ ಒಂದೇ ಕಡೆ ಕಳಿಸಿ, ತಾರೀಕು ಗುರುತು ಮಾಡಿಟ್ಟು ಮುಂದಿನದಕ್ಕೆ ಕೂರಿ.

ಜಾಗ ಹಳಸಿದಾಗ

ಯಾವ ಜಾಗವೂ ಶಾಶ್ವತವಲ್ಲ. ಗ್ರಂಥಾಲಯಕ್ಕೆ ಪರಿಚಯದವರು ಬರತೊಡಗುತ್ತಾರೆ, ಕಾಫಿ ಅಂಗಡಿಯವರು ಕುಶಲ ವಿಚಾರಿಸತೊಡಗುತ್ತಾರೆ, ಮೀಟಿಂಗ್ ಕೋಣೆಯಲ್ಲಿ ಮೀಟಿಂಗುಗಳಾಗುತ್ತವೆ. ಸತತ ಒಂದು ವಾರ ಕೂತೂ ಬರೆಯದೆ ಎದ್ದರೆ ತಪ್ಪು ನಿಮ್ಮದಲ್ಲದಿರಬಹುದು; ನಾಲ್ಕನೇ ಹೆಜ್ಜೆಯ ಪಟ್ಟಿ ತೆಗೆಯಿರಿ. ಘಟನೆ ಅದೇ ಇರಲಿ, ಜಾಗ ಮಾತ್ರ ಬದಲಾಗಲಿ. ಎರಡನ್ನೂ ಒಟ್ಟಿಗೆ ಕಿತ್ತರೆ ಮತ್ತೆ ಮೊದಲಿನಿಂದ.

ನನ್ನ ಮೆಟ್ಟಿಲೂ ಎರಡು ವರ್ಷ ಬಾಳಿತು. ಒಂದು ದಿನ ಯಾರೋ ಕೆಳಗಿನಿಂದ, ‘ಅಲ್ಲೇ ಮೂರನೇ ಮೆಟ್ಟಿಲಲ್ಲಿ ಕೂತಿರ್ತಾರೆ, ಕೂಗು’ ಎಂದರು. ಅಲ್ಲಿಗೆ ಮುಗಿಯಿತು. ಈಗ ಎಲ್ಲಿ ಕೂರುತ್ತೇನೆಂದು ಹೇಳುವುದಿಲ್ಲ, ಇದನ್ನು ಮನೆಯವರೂ ಓದುತ್ತಾರೆ.